ಆಸ್ಪತ್ರೆಯಲ್ಲಿ ಕಲಿತದ್ದು ಶಾಲೆಗೆ ಸಾಕೇ?

ಪಿಸಿಬಿ ತೆಗೆದುಕೊಂಡ ನಮ್ಮ ವಿದ್ಯಾರ್ಥಿಗಳಲ್ಲಿ ಬಹಳ ಜನಕ್ಕೆ ಎಂಬಿಬಿಎಸ್ ಬಿಟ್ಟರೆ ಮುಂದೇನು ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಆಗ ಕೇಳಿಬರುವ ಹೆಸರುಗಳಲ್ಲಿ ಬಿಪಿಟಿ, ಅಂದರೆ ಫಿಜಿಯೋಥೆರಪಿ ಪದವಿ, ಒಂದು. ಬಿಒಟಿ, ಅಂದರೆ ಆಕ್ಯುಪೇಷನಲ್ ಥೆರಪಿ ಪದವಿ, ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಇವೆರಡನ್ನು ಓದಿದವರು ಎಲ್ಲಿ ಕೆಲಸ ಮಾಡುತ್ತಾರೆ ಎಂದು ಕೇಳಿದರೆ ಆಸ್ಪತ್ರೆ ಎನ್ನುತ್ತೇವೆ. ದಕ್ಷಿಣ ಬೆಂಗಳೂರಿನವರಿಗೆ ಈ ಉತ್ತರ ಸಹಜ. ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಸಂಜಯ ಗಾಂಧಿ ಅಪಘಾತ ಮತ್ತು ಅಸ್ಥಿ ಚಿಕಿತ್ಸಾ ಸಂಸ್ಥೆ ಎಲ್ಲವೂ ಜಯನಗರಕ್ಕೆ ತಾಗಿಕೊಂಡೇ ಇವೆ. ರಾಜ್ಯದ ಫಿಜಿಯೋಥೆರಪಿ ಕಾಲೇಜುಗಳಲ್ಲಿ ಹೆಚ್ಚಿನವು ಸೇರಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಚೇರಿಯೂ ಜಯನಗರ 4ನೇ 'ಟಿ' ಬ್ಲಾಕ್‌ನಲ್ಲಿದೆ.

ಆದರೆ ಇವರು ಬೇಕಾಗಿರುವ ಇನ್ನೊಂದು ಜಾಗವಿದೆ. ಅದು ಶಾಲೆ. ನಡೆಯಲು ಕಷ್ಟಪಡುವ ಮಗು ವಾರಕ್ಕೆ ಎರಡು ಸಲ ಥೆರಪಿಗೆ ಹೋದರೆ ಅಲ್ಲಿ ಕಳೆಯುವುದು ಹೆಚ್ಚೆಂದರೆ ಎರಡು ಗಂಟೆ. ಶಾಲೆಯಲ್ಲಿ ಅದೇ ಮಗು ದಿನಕ್ಕೆ ಐದಾರು ಗಂಟೆ ಇರುತ್ತದೆ. ಆ ಐದಾರು ಗಂಟೆಗಳಲ್ಲಿ ಮಗು ಹೇಗೆ ಕೂರುತ್ತದೆ, ಹೇಗೆ ಬರೆಯುತ್ತದೆ, ಶೌಚಾಲಯಕ್ಕೆ ಹೇಗೆ ಹೋಗುತ್ತದೆ ಎಂಬುದನ್ನು ಯಾರೂ ನೋಡದಿದ್ದರೆ ಆ ಎರಡು ಗಂಟೆಯ ಫಲ ಅಲ್ಲಿಗೇ ಮುಗಿಯುತ್ತದೆ. ಹಾಗೆಂದು ಆಸ್ಪತ್ರೆಯ ಥೆರಪಿಸ್ಟ್ ಒಬ್ಬರನ್ನು ನೇರವಾಗಿ ಶಾಲೆಗೆ ಕಳುಹಿಸಿದರೆ ಸಾಲದು. ಅವರು ಹೊಸದಾಗಿ ಕಲಿಯಬೇಕಾದ್ದು ಬಹಳಷ್ಟಿದೆ.

ಎರಡು ವೃತ್ತಿ, ಎರಡು ಪ್ರಶ್ನೆ

ಫಿಜಿಯೋಥೆರಪಿಸ್ಟ್ ಮುಖ್ಯವಾಗಿ ದೇಹದ ಚಲನೆಯನ್ನು ನೋಡುತ್ತಾರೆ: ಸ್ನಾಯುಗಳ ಬಲ, ಕೀಲುಗಳ ಬಾಗುವಿಕೆ, ಸಮತೋಲನ, ನಡಿಗೆ. ಆಕ್ಯುಪೇಷನಲ್ ಥೆರಪಿಸ್ಟ್ ದಿನನಿತ್ಯದ ಕೆಲಸಗಳನ್ನು ನೋಡುತ್ತಾರೆ: ಗುಂಡಿ ಹಾಕಿಕೊಳ್ಳುವುದು, ಟಿಫಿನ್ ಡಬ್ಬಿ ತೆರೆಯುವುದು, ಪೆನ್ಸಿಲ್ ಹಿಡಿಯುವುದು, ಗದ್ದಲದ ನಡುವೆ ಗಮನವಿಟ್ಟು ಕೂರುವುದು. 'ಆಕ್ಯುಪೇಷನ್' ಎಂಬ ಪದ ಕೇಳಿ ಇದು ಉದ್ಯೋಗ ಕೊಡಿಸುವ ಚಿಕಿತ್ಸೆ ಎಂದು ತಿಳಿಯುವವರಿದ್ದಾರೆ. ಇಲ್ಲಿ ಅದರ ಅರ್ಥ ಮನುಷ್ಯನನ್ನು ತೊಡಗಿಸಿಕೊಳ್ಳುವ ಕೆಲಸ. ಮಗುವಿನ ಮಟ್ಟಿಗೆ ಆಟ, ಊಟ, ಓದು ಎಲ್ಲವೂ ಅಂಥ ಕೆಲಸಗಳೇ.

ಭಾರತದಲ್ಲಿ ಆಕ್ಯುಪೇಷನಲ್ ಥೆರಪಿಯ ಮೊದಲ ಶಾಲೆಯನ್ನು ಕಮಲಾ ನಿಂಬ್ಕರ್ ಅವರು 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಆರಂಭಿಸಿದರು. ಅಂದಿನ ದೊಡ್ಡ ಸಮಸ್ಯೆ ಪೋಲಿಯೋ. ಬಾಲ್ಯದಲ್ಲಿ ತಾವೇ ಪೋಲಿಯೋಗೆ ತುತ್ತಾಗಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆಯನ್ನು ಕಟ್ಟಿದರು. ಭಾರತದಲ್ಲಿ ಕಾಡು ಪೋಲಿಯೋ ವೈರಸ್‌ನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್‌ನಲ್ಲಿ ದೇಶ ಪೋಲಿಯೋ ಮುಕ್ತವೆಂದು ಘೋಷಣೆಯಾಯಿತು. ಇಂದು ಶಾಲೆಗಳಲ್ಲಿ ಥೆರಪಿ ಬೇಕಾದ ಮಕ್ಕಳ ತೊಂದರೆಗಳು ಬೇರೆ: ಸೆರೆಬ್ರಲ್ ಪಾಲ್ಸಿ, ಸ್ನಾಯುಕ್ಷಯ, ಬೆನ್ನುಹುರಿಯ ಜನ್ಮದೋಷ, ಆಟಿಸಂ, ಕೈಬರಹ ಮತ್ತು ಚಲನೆಯ ಹೊಂದಾಣಿಕೆಯ ಕೊರತೆ. ಪೋಲಿಯೋದಲ್ಲಿ ಕಾಲು ಸೋತಿದೆ ಎಂದು ಯಾರಿಗಾದರೂ ಕಾಣುತ್ತಿತ್ತು. ಈಗಿನ ತೊಂದರೆಗಳಲ್ಲಿ ಎಷ್ಟೋ ಕಣ್ಣಿಗೆ ಬೀಳುವುದಿಲ್ಲ. ಅಂಥ ಮಗುವಿಗೆ 'ಸೋಮಾರಿ', 'ಗಮನ ಇಲ್ಲ' ಎಂಬ ಹೆಸರು ಬೀಳುತ್ತದೆ.

ಕಾನೂನು ಏನು ಹೇಳುತ್ತದೆ?

2016ರ ವಿಕಲಾಂಗ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಅದರ 16ನೇ ಸೆಕ್ಷನ್ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಈ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು. ಕಟ್ಟಡ ಮತ್ತು ಆವರಣ ಅವರಿಗೆ ಬಳಸಲು ಬರುವಂತಿರಬೇಕು. 17ನೇ ಸೆಕ್ಷನ್ ಶಿಕ್ಷಕರ ತರಬೇತಿಯ ಜೊತೆಗೆ, ಶಾಲಾ ಶಿಕ್ಷಣದ ಎಲ್ಲ ಹಂತಗಳಲ್ಲಿ ಸಮನ್ವಯ ಶಿಕ್ಷಣಕ್ಕೆ ನೆರವಾಗುವ ವೃತ್ತಿಪರರಿಗೂ ತರಬೇತಿ ಕೊಡಬೇಕೆನ್ನುತ್ತದೆ. ಅಂದರೆ ಥೆರಪಿಸ್ಟ್‌ಗಳನ್ನು ಶಾಲೆಯ ಕೆಲಸಕ್ಕೆ ಸಿದ್ಧಪಡಿಸುವುದು ದಯೆಯ ಮಾತಲ್ಲ, ಕಾನೂನು ಹೊರಿಸಿದ ಹೊಣೆ. 31ನೇ ಸೆಕ್ಷನ್ ಪ್ರಕಾರ ಶೇ. 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. 18 ವರ್ಷವೆಂದರೆ ಪಿಯುಸಿಯೂ ಅದರೊಳಗೆ ಬಂತು.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಈ ಕೆಲಸ 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಡಿ ನಡೆಯುತ್ತದೆ. ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿ ಮಟ್ಟದಲ್ಲಿ ಬಿಐಇಆರ್‌ಟಿ ಎಂದು ಕರೆಯುವ ವಿಶೇಷ ಶಿಕ್ಷಕರಿದ್ದಾರೆ. ಫಿಜಿಯೋಥೆರಪಿ ಸೇವೆ, ಸಾಧನ ಸಲಕರಣೆಗಳ ಶಿಬಿರ, ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಇವೆಲ್ಲ ಅಲ್ಲಿಂದಲೇ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಆರೋಗ್ಯ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಹೋಗಿ ಮಕ್ಕಳನ್ನು ತಪಾಸಣೆ ಮಾಡುತ್ತವೆ.

ಅಮೆರಿಕದಲ್ಲಿ ಇಂಥ ಕಾನೂನು ಬಂದದ್ದು 1975ರಲ್ಲಿ. ಮಗು ಶಿಕ್ಷಣದ ಪ್ರಯೋಜನ ಪಡೆಯಲು ಬೇಕಾದ 'ಸಂಬಂಧಿತ ಸೇವೆ'ಗಳ ಪಟ್ಟಿಯಲ್ಲಿ ಅದು ಈ ಎರಡೂ ಥೆರಪಿಗಳನ್ನು ಸೇರಿಸಿತು. ಈ ಒಂದು ಮಾತಿನಿಂದ ಶಾಲಾ ಥೆರಪಿಸ್ಟ್‌ನ ಕೆಲಸದ ಸ್ವರೂಪವೇ ಬದಲಾಯಿತು. ಕಾಲು ಎಷ್ಟು ಬಲವಾಯಿತು ಎಂಬುದು ಅಲ್ಲಿ ಎರಡನೆಯ ಪ್ರಶ್ನೆ. ಮಗು ತರಗತಿಯ ಕಲಿಕೆಯಲ್ಲಿ ಪಾಲ್ಗೊಂಡಿತೇ ಎಂಬುದು ಮೊದಲನೆಯದು.

ಅದೇ ಮಗು, ಬೇರೆ ಪ್ರಶ್ನೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. 4ನೇ ತರಗತಿಯ ಹುಡುಗಿ. ಸೆರೆಬ್ರಲ್ ಪಾಲ್ಸಿ ಇದೆ. ವಾಕರ್ ಹಿಡಿದು ನಡೆಯುತ್ತಾಳೆ. 1997ರಲ್ಲಿ ಕೆನಡಾದ ಸಂಶೋಧಕರು ರೂಪಿಸಿದ, ಈಗ ಎಲ್ಲೆಡೆ ಬಳಕೆಯಲ್ಲಿರುವ 5 ಹಂತಗಳ ವರ್ಗೀಕರಣದಲ್ಲಿ ಇವಳದು 3ನೇ ಹಂತ.

ಆಸ್ಪತ್ರೆಯಲ್ಲಿ ಥೆರಪಿಸ್ಟ್ ಅವಳ ಮೊಣಕಾಲು ಎಷ್ಟು ಡಿಗ್ರಿ ನೆಟ್ಟಗಾಗುತ್ತದೆ ಎಂದು ಅಳೆಯುತ್ತಾರೆ, ವ್ಯಾಯಾಮ ಮಾಡಿಸುತ್ತಾರೆ, ಫೈಲಿನಲ್ಲಿ ಬರೆಯುತ್ತಾರೆ. ಇದು ಸರಿಯಾದ ಕೆಲಸವೇ. ಶಾಲೆಗೆ ಬಂದರೆ ಕಾಣುವುದು ಬೇರೆ. ಬೆಳಗಿನ ಪ್ರಾರ್ಥನೆಯಲ್ಲಿ ಅವಳನ್ನು ತರಗತಿಯಲ್ಲೇ ಬಿಟ್ಟು ಹೋಗುತ್ತಾರೆ. ಬೆಂಚು ಎತ್ತರವಾದ್ದರಿಂದ ಕಾಲು ನೆಲಕ್ಕೆ ತಾಗುವುದಿಲ್ಲ. ಬೀಳದಿರಲು ಒಂದು ಕೈಯಲ್ಲಿ ಬೆಂಚು ಹಿಡಿದಿರುತ್ತಾಳೆ, ಹಾಗಾಗಿ ಪುಸ್ತಕ ಜಾರುತ್ತದೆ. ಶೌಚಾಲಯದ ಬಾಗಿಲಿನಲ್ಲಿ ವಾಕರ್ ಹಿಡಿಸುವುದಿಲ್ಲ. ಅದಕ್ಕೆ ಅವಳು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಮಧ್ಯಾಹ್ನ ತಲೆನೋವು, ಮಂಕು. ಟೀಚರ್ ಪ್ರಕಾರ ಅವಳಿಗೆ 'ಮಧ್ಯಾಹ್ನದ ಮೇಲೆ ಓದು ಹತ್ತುವುದಿಲ್ಲ'.

ಇದರಲ್ಲಿ ಯಾವುದೂ ಮೊಣಕಾಲಿನ ಡಿಗ್ರಿಯಲ್ಲಿ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಒಪ್ಪಿದ ವರ್ಗೀಕರಣ ಇದನ್ನೇ ಹೇಳುತ್ತದೆ: ವೈಕಲ್ಯ ದೇಹದೊಳಗಿನ ದೋಷ ಮಾತ್ರವಲ್ಲ, ದೇಹ, ಚಟುವಟಿಕೆ, ಭಾಗವಹಿಸುವಿಕೆ, ಸುತ್ತಲಿನ ಪರಿಸರ ಎಲ್ಲ ಸೇರಿ ಅದು ರೂಪುಗೊಳ್ಳುತ್ತದೆ. ಶಾಲೆಗೆ ಬರುವ ಹೊಸ ಥೆರಪಿಸ್ಟ್‌ಗೆ ಈ ಮಾತು ಪುಸ್ತಕದಲ್ಲಿ ಗೊತ್ತಿರುತ್ತದೆ. ಶಾಲೆಯ ಅಂಗಳದಲ್ಲಿ ಅದನ್ನು ಕಾಣುವುದೇ ತರಬೇತಿ.

ತರಬೇತಿಯಲ್ಲಿ ಏನಿರಬೇಕು?

*ಮೊದಲು ನೋಡುವುದು.* ಮೊದಲ ದಿನ ಮಗುವನ್ನು ಮುಟ್ಟದೆ, ಗೇಟಿನಿಂದ ಗೇಟಿನವರೆಗೆ ಇಡೀ ದಿನ ನೋಡಬೇಕು. ಎಲ್ಲಿ ನಿಲ್ಲುತ್ತಾಳೆ, ಎಲ್ಲಿ ಹಿಂದೆ ಬೀಳುತ್ತಾಳೆ, ಯಾವಾಗ ಬೇರೆಯವರು ಅವಳ ಕೆಲಸವನ್ನು ತಾವೇ ಮಾಡಿಬಿಡುತ್ತಾರೆ ಎಂದು ಬರೆದುಕೊಳ್ಳಬೇಕು. ಚಿಕಿತ್ಸೆ ಕೊಟ್ಟು ಅಭ್ಯಾಸವಾದ ಕೈಗೆ ಸುಮ್ಮನೆ ಕೂತು ನೋಡುವುದು ಸುಲಭವಲ್ಲ.

*ಗುರಿಯನ್ನು ಶಾಲೆಯ ಮಾತಿನಲ್ಲಿ ಬರೆಯುವುದು.* 'ಮೊಣಕಾಲು ಇನ್ನೂ 10 ಡಿಗ್ರಿ ನೆಟ್ಟಗಾಗಬೇಕು' ಎಂದು ಬರೆದರೆ ಟೀಚರ್‌ಗೆ ಏನೂ ತಿಳಿಯದು. 'ಊಟದ ಗಂಟೆ ಹೊಡೆದ ಮೇಲೆ ತಾನೇ ಕೈತೊಳೆದು ಗೆಳತಿಯರ ಸಾಲಿನಲ್ಲಿ ಕೂರಬೇಕು. ಎರಡು ತಿಂಗಳಲ್ಲಿ ವಾರಕ್ಕೆ ಮೂರು ದಿನವಾದರೂ ಇದಾಗಬೇಕು' ಎಂದು ಬರೆದರೆ ಟೀಚರ್, ತಾಯಿ, ಆಯಾ ಎಲ್ಲರಿಗೂ ಗೊತ್ತಾಗುತ್ತದೆ. ಗುರಿ ಮುಟ್ಟಿತೋ ಇಲ್ಲವೋ ಎಂದು ಯಾರು ಬೇಕಾದರೂ ಹೇಳಬಹುದು.

*ಮಗುವನ್ನು ತರಗತಿಯಿಂದ ಎಬ್ಬಿಸದಿರುವುದು.* ಗಣಿತದ ಪೀರಿಯಡ್‌ನಲ್ಲಿ ಕರೆದುಕೊಂಡು ಹೋಗಿ ಅರ್ಧ ಗಂಟೆ ವ್ಯಾಯಾಮ ಮಾಡಿಸಿದರೆ ಕಾಲಿಗೆ ಲಾಭವಾಗಬಹುದು, ಗಣಿತಕ್ಕೆ ನಷ್ಟ. ಆದಷ್ಟೂ ಥೆರಪಿಯನ್ನು ದಿನಚರಿಯೊಳಗೆ ಸೇರಿಸಬೇಕು. ಹಾಜರಿ ಪುಸ್ತಕ ಆಫೀಸಿಗೆ ಕೊಟ್ಟು ಬರುವುದು ನಡಿಗೆಯ ಅಭ್ಯಾಸ. ಬೋರ್ಡ್ ಒರೆಸುವುದು ತೋಳಿನ ವ್ಯಾಯಾಮ.

*ಕೂರುವ ಭಂಗಿಯಿಂದ ಆರಂಭಿಸುವುದು.* ಪಾದ ನೆಲಕ್ಕೆ ಊರಿರಬೇಕು, ಸೊಂಟ ಮತ್ತು ಮಂಡಿ ಸುಮಾರು 90 ಡಿಗ್ರಿ ಬಾಗಿರಬೇಕು, ಮೇಜು ಮೊಣಕೈ ಮಟ್ಟದಲ್ಲಿರಬೇಕು. ಕಾಲಡಿಗೆ ಒಂದು ಮರದ ಮಣೆ ಇಟ್ಟರೆ ಎಷ್ಟೋ ಮಕ್ಕಳ ಬರವಣಿಗೆ ಸುಧಾರಿಸುತ್ತದೆ. ಕಾರಣ ಸರಳ: ದೇಹ ಸ್ಥಿರವಾದಾಗ ಮಾತ್ರ ಕೈ ಬಿಡುವಾಗುತ್ತದೆ. ಪೆನ್ಸಿಲ್‌ಗೆ ಬಟ್ಟೆ ಸುತ್ತಿ ದಪ್ಪ ಮಾಡುವುದು, ಪುಸ್ತಕದ ಕೆಳಗೆ ಇಳಿಜಾರು ಹಲಗೆ ಇಡುವುದು ಕೂಡ ಇಂಥ ಕಡಿಮೆ ಖರ್ಚಿನ ಉಪಾಯಗಳು.

*ಯಾವಾಗ ವ್ಯಾಯಾಮ ಬೇಡ ಎಂದು ತಿಳಿಯುವುದು.* ದ್ವಿತೀಯ ಪಿಯುಸಿಯಲ್ಲಿ ಬಣ್ಣಗುರುಡು, ಹಿಮೋಫಿಲಿಯಾ ಓದುವಾಗ ಎಕ್ಸ್ ವರ್ಣತಂತುವಿನ ಮೂಲಕ ಬರುವ ರೋಗಗಳ ಪರಿಚಯವಾಗುತ್ತದೆ. ಡುಶೆನ್ ಸ್ನಾಯುಕ್ಷಯವೂ ಅದೇ ಗುಂಪಿನದು. ಹೆಚ್ಚಾಗಿ ಗಂಡುಮಕ್ಕಳಲ್ಲಿ ಬರುತ್ತದೆ. ಅದರಲ್ಲಿ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಇಲ್ಲದೆ ಸ್ನಾಯುತಂತುಗಳು ಸುಲಭವಾಗಿ ಹಾನಿಗೊಳ್ಳುತ್ತವೆ. ಇಂಥ ಹುಡುಗನಿಗೆ 'ಇನ್ನೂ ಸ್ವಲ್ಪ ಪ್ರಯತ್ನ ಮಾಡು' ಎಂದು ಭಾರದ ವ್ಯಾಯಾಮ ಮಾಡಿಸಿದರೆ, ಮೆಟ್ಟಿಲು ಹತ್ತಿ ಇಳಿಸಿದರೆ ಕೆಡುಕೇ ಹೆಚ್ಚು. ಅವನಿಗೆ ಬೇಕಾದ್ದು ಶಕ್ತಿ ಉಳಿಸುವ ಏರ್ಪಾಡು: ನೆಲಮಹಡಿಯ ತರಗತಿ, ಮನೆಯಲ್ಲಿ ಒಂದು ಶಾಲೆಯಲ್ಲಿ ಒಂದು ಪಠ್ಯಪುಸ್ತಕ, ಸಮಯಕ್ಕೆ ಸರಿಯಾಗಿ ಗಾಲಿಕುರ್ಚಿ. ಇದು ಪಿ.ಟಿ. ಮೇಷ್ಟ್ರಿಗೂ ಗೊತ್ತಿರಬೇಕು.

*ಕಲಿಸುವವರಿಗೆ ಕಲಿಸುವುದು.* ಥೆರಪಿಸ್ಟ್ ಬರುವುದು ವಾರಕ್ಕೋ ತಿಂಗಳಿಗೋ ಒಮ್ಮೆ. ಉಳಿದ ದಿನ ಇರುವವರು ನಲವತ್ತು ಮಕ್ಕಳ ತರಗತಿ ನಡೆಸುವ ಟೀಚರ್. ಅವರ ಕೈಗೆ ಹತ್ತು ವ್ಯಾಯಾಮಗಳ ಚೀಟಿ ಕೊಟ್ಟರೆ ಅದು ಡ್ರಾಯರ್‌ನಲ್ಲಿ ಉಳಿಯುತ್ತದೆ. ಪ್ರತಿ ಭೇಟಿಯಲ್ಲಿ ಒಂದೇ ಒಂದು ಬದಲಾವಣೆ ಹೇಳಿ, ಮಾಡಿ ತೋರಿಸಿ, ಅವರ ಕೈಯಿಂದ ಮಾಡಿಸಿ, ಮುಂದಿನ ಭೇಟಿಯಲ್ಲಿ ಅದೇ ಒಂದನ್ನು ವಿಚಾರಿಸಬೇಕು. 'ಸ್ಪಾಸ್ಟಿಸಿಟಿ' ಎನ್ನುವ ಬದಲು 'ಕಾಲು ಸೆಟೆದುಕೊಳ್ಳುತ್ತದೆ' ಎನ್ನಲು ಬರಬೇಕು.

ಜೆ.ಪಿ. ನಗರದ ಒಂದು ಪಾಠ

ಇಂಥ ತರಬೇತಿಗೆ ನಮ್ಮ ನೆರೆಯಲ್ಲೇ ಒಂದು ಮಾದರಿ ಇದೆ. ಜೆ.ಪಿ. ನಗರ 2ನೇ ಹಂತದಲ್ಲಿರುವ ಮೊಬಿಲಿಟಿ ಇಂಡಿಯಾ 1994ರಲ್ಲಿ ಆರಂಭವಾದ ಸಂಸ್ಥೆ. ಕೃತಕ ಕಾಲು, ಕ್ಯಾಲಿಪರ್ ತಯಾರಿಸುವವರಿಗೆ ಇಲ್ಲಿ ತರಬೇತಿ ಕೊಡುತ್ತಾರೆ; ಬೇರೆ ದೇಶಗಳಿಂದಲೂ ಕಲಿಯಲು ಬಂದಿದ್ದಾರೆ. ಇದರ ಜೊತೆಗೆ ಪುನರ್ವಸತಿ ಥೆರಪಿ ಸಹಾಯಕರನ್ನೂ ಸಂಸ್ಥೆ ತಯಾರು ಮಾಡಿದೆ. ಈ ಸಹಾಯಕರು ಫಿಜಿಯೋಥೆರಪಿ ಮತ್ತು ಆಕ್ಯುಪೇಷನಲ್ ಥೆರಪಿ ಎರಡರ ಮೂಲ ಕೌಶಲಗಳನ್ನೂ ಕಲಿತು, ಆಸ್ಪತ್ರೆಯಲ್ಲಿ ಕೂರದೆ ಜನರಿರುವಲ್ಲಿಗೇ ಹೋಗುವವರು.

2006ರ ನವೆಂಬರ್‌ನಲ್ಲಿ ಅಭಿವೃದ್ಧಿಶೀಲ ದೇಶಗಳಿಗೆ ತಕ್ಕ ಗಾಲಿಕುರ್ಚಿ ಹೇಗಿರಬೇಕು ಎಂದು ತೀರ್ಮಾನಿಸಲು ಅಂತರರಾಷ್ಟ್ರೀಯ ಸಮಾವೇಶವೊಂದು ಬೆಂಗಳೂರಿನಲ್ಲೇ ನಡೆಯಿತು. ಅದರ ಮುಂದುವರಿಕೆಯಾಗಿ 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಬಂತು. ಗಾಲಿಕುರ್ಚಿ ಕೊಡುವುದೆಂದರೆ ಶಿಬಿರದಲ್ಲಿ ಸಾಲಾಗಿ ಹಂಚಿ ಫೋಟೋ ತೆಗೆಸಿಕೊಳ್ಳುವುದಲ್ಲ. ಮಾರ್ಗಸೂಚಿ ಹೇಳುವ 8 ಹಂತಗಳಲ್ಲಿ ಅಳತೆ, ಆಯ್ಕೆ, ಕೂರಿಸಿ ಸರಿಹೊಂದಿಸುವುದು, ಬಳಸಲು ಕಲಿಸುವುದು, ಮತ್ತೆ ಬಂದು ನೋಡುವುದು ಸೇರಿವೆ. ದೊಡ್ಡವರ ಕುರ್ಚಿಯಲ್ಲಿ ಕೂತ ಮಗು ಒಂದು ಕಡೆಗೆ ವಾಲುತ್ತದೆ. ವರ್ಷಗಳು ಕಳೆದಂತೆ ಬೆನ್ನುಮೂಳೆ ಬಾಗಬಹುದು. ಶಾಲೆಗೆ ಹೊಸದಾಗಿ ಬರುವ ಥೆರಪಿಸ್ಟ್ ಈ ಕೊನೆಯ ಹಂತ, ಅಂದರೆ ಮರುಭೇಟಿಯನ್ನು ಮರೆಯಬಾರದು. ಮಗು ಬೆಳೆಯುತ್ತದೆ, ಕುರ್ಚಿ ಬೆಳೆಯುವುದಿಲ್ಲ.

ತರಬೇತಿಯ ಇನ್ನೊಂದು ಅಗತ್ಯ ಹಿರಿಯರ ಜೊತೆ. ಆಸ್ಪತ್ರೆಯಲ್ಲಿ ಸಂಶಯ ಬಂದರೆ ಪಕ್ಕದ ಕೊಠಡಿಯಲ್ಲಿ ಕೇಳಬಹುದು. ಶಾಲೆಯಲ್ಲಿ ಥೆರಪಿಸ್ಟ್ ಒಬ್ಬಂಟಿ. ಆದ್ದರಿಂದ ಆರಂಭದ ತಿಂಗಳುಗಳಲ್ಲಿ ಅನುಭವಿಯೊಬ್ಬರ ಜೊತೆ ಶಾಲಾ ಭೇಟಿ, ಆಮೇಲೆ ವಾರಕ್ಕೊಮ್ಮೆ ಕೂತು ಮಕ್ಕಳ ವಿಷಯ ಚರ್ಚಿಸುವ ವ್ಯವಸ್ಥೆ ಬೇಕು. ಇದಿಲ್ಲದಿದ್ದರೆ ಹೊಸಬರು ತಮಗೆ ಗೊತ್ತಿರುವ ಆಸ್ಪತ್ರೆಯ ಪದ್ಧತಿಗೇ ಮರಳುತ್ತಾರೆ.

ಮನೆಯ ಮಾತು, ಮನೆಯ ನೆಲ

ಗುರಪ್ಪನಪಾಳ್ಯ, ತಿಲಕ್ ನಗರ, ಬಿಟಿಎಂ ಕಡೆಯ ಒಂದೇ ತರಗತಿಯಲ್ಲಿ ಕನ್ನಡ, ದಖನಿ ಉರ್ದು, ತಮಿಳು, ತೆಲುಗು ಮಾತನಾಡುವ ಮಕ್ಕಳಿರುತ್ತಾರೆ. ತಾಯಿಗೆ ತಿಳಿಯುವ ಮಾತಿನಲ್ಲಿ ಹೇಳದ ಸಲಹೆ ಮನೆ ಮುಟ್ಟುವುದಿಲ್ಲ. ಜೊತೆಗೆ ನಮ್ಮ ಬಹುತೇಕ ಮನೆಗಳಲ್ಲಿ ಊಟ, ಓದು, ಮಲಗುವುದು ನೆಲದ ಮೇಲೇ. ಕುರ್ಚಿ ಮೇಜು ಇಟ್ಟುಕೊಂಡ ವಿದೇಶಿ ಪುಸ್ತಕದ ಸಲಹೆ ಇಲ್ಲಿ ನಡೆಯದು. ಆದ್ದರಿಂದ 'ನಿಮ್ಮ ಮಗು ಏನು ಮಾಡುವಂತಾದರೆ ನಿಮಗೆ ಸಂತೋಷ?' ಎಂದು ಮನೆಯವರನ್ನು ಕೇಳುವುದನ್ನೂ ತರಬೇತಿಯಲ್ಲಿ ಕಲಿಸಬೇಕು. 'ಅಬ್ಬಾ ಪಕ್ಕದಲ್ಲಿ ನಮಾಜ್‌ಗೆ ಕೂರಬೇಕು' ಎಂಬ ಉತ್ತರ ಬಂದರೆ ಅದೂ ಒಂದು ಒಳ್ಳೆಯ ಥೆರಪಿ ಗುರಿಯೇ. ವಜೂ ಮಾಡಲು ಎಟುಕುವ ನಲ್ಲಿ, ಕೂರಲು ಆಸರೆ, ಎಷ್ಟು ಹೊತ್ತು ಕೂರಬಲ್ಲ ಎಂಬುದರ ಅಭ್ಯಾಸ ಎಲ್ಲ ಅದರಲ್ಲಿ ಬರುತ್ತವೆ.

ನಿಂತು ನಮಾಜ್ ಮಾಡಲಾಗದವರು ಕೂತು, ಕೂರಲಾಗದವರು ಮಲಗಿ ಮಾಡಬಹುದೆಂಬುದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಯಾರನ್ನೂ ಸಫ್‌ನಿಂದ ಹೊರಗಿಡುವುದಿಲ್ಲ. ಮಾಡುವ ವಿಧಾನ ಮಾತ್ರ ಬದಲಾಗುತ್ತದೆ. ಕಾನೂನಿನ ಭಾಷೆಯಲ್ಲಿ 'ಸೂಕ್ತ ಹೊಂದಾಣಿಕೆ' ಎನ್ನುವುದರ ಹಿಂದೆಯೂ ಇದೇ ವಿಚಾರವಿದೆ.

ನಮ್ಮ ಕಾಲೇಜಿಗೆ ಇದರಿಂದ ಏನು?

ಪ್ರಾಥಮಿಕ ಶಾಲೆಯಲ್ಲಿ ನಿಮ್ಮ ಜೊತೆಗಿದ್ದ, ನಡೆಯಲು ಅಥವಾ ಬರೆಯಲು ಕಷ್ಟಪಡುತ್ತಿದ್ದ ಸಹಪಾಠಿಯನ್ನು ನೆನಪಿಸಿಕೊಳ್ಳಿ. ಅವರು ಈಗ ಯಾವ ಕಾಲೇಜಿನಲ್ಲಿದ್ದಾರೆ? ಎಷ್ಟೋ ಜನರ ಉತ್ತರ 'ಗೊತ್ತಿಲ್ಲ' ಎಂದೇ ಇರುತ್ತದೆ. ಶಾಲೆ ಬಿಟ್ಟದ್ದಕ್ಕೆ 'ಓದು ಹತ್ತಲಿಲ್ಲ' ಎಂಬ ಕಾರಣ ಬರೆದಿರಬಹುದು. ನಿಜವಾದ ಕಾರಣ ಮೊದಲ ಮಹಡಿಯ ತರಗತಿಯೋ, ಬಾಗಿಲು ಕಿರಿದಾದ ಶೌಚಾಲಯವೋ ಆಗಿರಬಹುದು. ಶಾಲೆಯಲ್ಲಿ ಸರಿಯಾದ ಸಮಯಕ್ಕೆ ಸರಿಯಾದ ಥೆರಪಿಸ್ಟ್ ಸಿಕ್ಕಿದ್ದರೆ ಅವರಲ್ಲಿ ಕೆಲವರು ಇಂದು ನಮ್ಮ ಪಕ್ಕದ ಬೆಂಚಿನಲ್ಲಿರುತ್ತಿದ್ದರು.

ನಾವೇ ಆರಂಭಿಸಬಹುದಾದ ಕೆಲವು ಕೆಲಸಗಳಿವೆ.

ಒಂದು, ಅಳತೆ. ಇಳಿಜಾರು ದಾರಿ 1:12ಕ್ಕಿಂತ ಕಡಿದಾಗಿರಬಾರದು. 6 ಇಂಚಿನ ಒಂದು ಮೆಟ್ಟಿಲಿಗೆ 6 ಅಡಿ ಉದ್ದದ ರ‍್ಯಾಂಪ್ ಬೇಕು; ಮೂರು ಮೆಟ್ಟಿಲಿಗೆ 18 ಅಡಿ. ಗೇಟು, ಪ್ರಯೋಗಾಲಯ, ಗ್ರಂಥಾಲಯ, ಶೌಚಾಲಯ, ನಮಾಜ್ ಕೊಠಡಿಗಳ ಬಾಗಿಲಲ್ಲಿ ಟೇಪ್ ಹಿಡಿದು ಅಳೆದರೆ ಒಂದು ಮಧ್ಯಾಹ್ನದಲ್ಲಿ ಪಟ್ಟಿ ಸಿದ್ಧವಾಗುತ್ತದೆ.

ಎರಡು, ಪರೀಕ್ಷೆ. ಬರೆಯಲು ಕಷ್ಟವಿರುವ ಅಭ್ಯರ್ಥಿಗಳಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಮತ್ತು ಬರಹಗಾರರ ನೆರವು ಕೊಡಬೇಕೆಂದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳುತ್ತದೆ. ವೈಕಲ್ಯದ ಪ್ರಮಾಣ ಶೇ. 40 ಮುಟ್ಟಲಿಲ್ಲ ಎಂಬ ಕಾರಣಕ್ಕೆ ಬರಹಗಾರರನ್ನು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ಆ ಪ್ರಕರಣದ ಅಭ್ಯರ್ಥಿಗೆ ಇದ್ದದ್ದು ಬರೆಯುವಾಗ ಕೈ ಸೆಟೆಯುವ ತೊಂದರೆ. ಇಂಥ ತೊಂದರೆ ಇರುವವರು ಪರೀಕ್ಷೆಯ ಹಿಂದಿನ ವಾರದವರೆಗೆ ಕಾಯದೆ ಪ್ರವೇಶದ ಸಮಯದಲ್ಲೇ ಉಪನ್ಯಾಸಕರಿಗೆ ತಿಳಿಸಬೇಕು.

ಮೂರು, ಮುಂದಿನ ಓದು. ಪಿಸಿಬಿ ಓದಿದವರಿಗೆ ಬಿಪಿಟಿ, ಬಿಒಟಿ ದಾರಿಗಳಿವೆ. ಆಕ್ಯುಪೇಷನಲ್ ಥೆರಪಿ ಕಲಿಸುವ ಕಾಲೇಜುಗಳು ರಾಜ್ಯದಲ್ಲಿ ಕಡಿಮೆ. ಮಣಿಪಾಲದಲ್ಲಿ ಆ ವಿಭಾಗವಿದೆ. 2021ರ ರಾಷ್ಟ್ರೀಯ ಅಲೈಡ್ ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆ ಎರಡೂ ವೃತ್ತಿಗಳನ್ನು ಒಂದೇ ನಿಯಂತ್ರಣದಡಿ ತಂದಿದೆ. ಕಲೆ, ವಾಣಿಜ್ಯ ವಿಭಾಗದವರಿಗೂ ವಿಶೇಷ ಶಿಕ್ಷಣದ ಕೋರ್ಸ್‌ಗಳು ತೆರೆದಿವೆ. ಹೆಣ್ಣುಮಕ್ಕಳ ಶೌಚ, ಬಟ್ಟೆ, ಮುಟ್ಟಿನ ದಿನಗಳ ನೆರವಿನ ವಿಷಯ ಬಂದಾಗ ಶಾಲೆಗಳಿಗೆ ಮಹಿಳಾ ಥೆರಪಿಸ್ಟ್‌ಗಳ ಅಗತ್ಯ ಇನ್ನೂ ಹೆಚ್ಚು. ನಮ್ಮ ವಿದ್ಯಾರ್ಥಿನಿಯರು ಇದನ್ನು ಗಮನಿಸಲಿ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವೈಕಲ್ಯವುಳ್ಳವರ ಸಂಖ್ಯೆ 13 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಶಾಲೆಯ ವಯಸ್ಸಿನ ಪ್ರತಿ ಮಗುವಿಗೂ ಆಸ್ಪತ್ರೆ ಹತ್ತಿರವಿಲ್ಲ. ಶಾಲೆ ಮಾತ್ರ ಹೆಚ್ಚುಕಡಿಮೆ ಎಲ್ಲರಿಗೂ ಹತ್ತಿರವಿದೆ. ಆ ಶಾಲೆಗೆ ಹೋಗಿ, ಮೊದಲ ದಿನ ಮೂಲೆಯಲ್ಲಿ ಕೂತು, ಮಗು ನೀರು ಕುಡಿಯುತ್ತಿದೆಯೇ ಎಂದು ನೋಡಬಲ್ಲ ಥೆರಪಿಸ್ಟ್‌ಗಳು ನಮಗೆ ಬೇಕಾಗಿದ್ದಾರೆ. ಅವರಲ್ಲಿ ಕೆಲವರಾದರೂ ನಮ್ಮ ಕಾಲೇಜಿನಿಂದ ಹೊರಟವರಾಗಲಿ.